ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬಂದೆ, ಮಲ್ಟಿಥ್ರೆಡ್ ಪ್ರೋಗ್ರಾಂಗೆ ಯಾವ ಡಿಬಗ್ಗರ್ ಅನುಕೂಲ?

ಕಾವೇರಿತೀರ
ಎಲ್ಲರಿಗೂ ನಮಸ್ಕಾರ. ನಾನು 11 ವರ್ಷದಿಂದ ವಿಂಡೋಸ್‌ನಲ್ಲೇ ಸಿ++ ಬರೆಯುತ್ತಾ ಬಂದವನು. ವಿಷುಯಲ್ ಸ್ಟುಡಿಯೋ ಬಿಟ್ಟು ಬೇರೆ ಡಿಬಗ್ಗರ್ (ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಟೂಲ್) ಮುಟ್ಟಿಲ್ಲ. ಎರಡು ತಿಂಗಳ ಹಿಂದೆ ನಮ್ಮ ಸರ್ವರನ್ನು ಲಿನಕ್ಸ್‌ಗೆ ತಂದೆವು, ಉಬುಂಟು ಮೇಲೆ ಓಡುತ್ತಿದೆ. ತೂಕದ ಯಂತ್ರಗಳಿಂದ ಡೇಟಾ ತಗೊಂಡು ಡೇಟಾಬೇಸ್‌ಗೆ ಹಾಕುವ ಪ್ರೋಗ್ರಾಂ, ಒಟ್ಟು 14 ಥ್ರೆಡ್, ಅಂದರೆ ಒಂದೇ ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಓಡುವ 14 ಕೆಲಸ. ವಿಂಡೋಸ್‌ನಲ್ಲಿ ಮೂರು ವರ್ಷ ಒಂದೇ ಒಂದು ಸಲವೂ ನಿಂತಿರಲಿಲ್ಲ. ಇಲ್ಲಿ ಎರಡು ಮೂರು ದಿನಕ್ಕೊಮ್ಮೆ ಸುಮ್ನೆ ನಿಂತುಬಿಡುತ್ತದೆ. ಕ್ರ್ಯಾಶ್ ಆಗಲ್ಲ, ಸಿಪಿಯು ಸೊನ್ನೆ, ಲಾಗ್‌ನಲ್ಲಿ ಏನೂ ಇಲ್ಲ. ಮತ್ತೆ ಶುರು ಮಾಡಿದರೆ ಸರಿ ಹೋಗುತ್ತದೆ.

ಲಿನಕ್ಸ್‌ನ ಡಿಬಗ್ಗರ್ ಜಿಡಿಬಿ ತೆರೆದೆ. ಒಂದು ಸಾಲಿನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಬಂದು ನಿಲ್ಲುವ ಗುರುತು) ಇಟ್ಟು, ಮುಂದಿನ ಸಾಲಿಗೆ ಹೋಗಲು ನೆಕ್ಸ್ಟ್ ಒತ್ತಿದರೆ ಇದ್ದಕ್ಕಿದ್ದಂತೆ ಬೇರೆ ಯಾವುದೋ ಥ್ರೆಡ್‌ಗೆ ಹಾರುತ್ತದೆ. ನಾನೆಲ್ಲಿದ್ದೇನೆ ಅಂತಲೇ ಗೊತ್ತಾಗಲ್ಲ. ವಿಷುಯಲ್ ಸ್ಟುಡಿಯೋದಲ್ಲಿ ಎಲ್ಲಾ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಪಟ್ಟಿ) ತೋರಿಸುವ ಪ್ಯಾರಲಲ್ ಸ್ಟ್ಯಾಕ್ಸ್ ಕಿಟಕಿ ಇತ್ತು, ಥ್ರೆಡ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರೀಜ್ ಮಾಡಬಹುದಿತ್ತು. ಅಂಥದ್ದು ಇಲ್ಲಿ ಏನಿದೆ? ಯಾವುದನ್ನು ಕಲಿಯೋಣ? ದುಡ್ಡು ಕೊಟ್ಟು ತಗೊಳ್ಳೋದಾದರೂ ಸರಿ, ಆಫೀಸಿನಲ್ಲಿ ಕೇಳಿ ನೋಡುತ್ತೇನೆ.

ಮಂಡ್ಯದ_ಕೋಡರ್
ವಿಎಸ್ ಕೋಡ್ ಹಾಕ್ಕೊಳಿ ಗುರು. ಸಿ++ ಎಕ್ಸ್‌ಟೆನ್ಷನ್ ಹಾಕಿದರೆ ಎಡಗಡೆ ಕಾಲ್ ಸ್ಟ್ಯಾಕ್ ಜಾಗದಲ್ಲಿ ಎಲ್ಲಾ ಥ್ರೆಡ್ ಕಾಣುತ್ತೆ. ವಿಂಡೋಸ್‌ನಿಂದ ಬಂದವರಿಗೆ ಅದೇ ಸುಲಭ.

ಹಳೇಬೇರು
ವಿಎಸ್ ಕೋಡ್ ಡಿಬಗ್ಗರ್ ಅಲ್ಲ. ಅದರ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿರುವುದು ಜಿಡಿಬಿಯೇ. ಕ್ಯೂಟಿ ಕ್ರಿಯೇಟರ್, ಸಿಲಯನ್, ಎಲ್ಲದರ ಕಥೆಯೂ ಲಿನಕ್ಸ್‌ನಲ್ಲಿ ಹೆಚ್ಚುಕಮ್ಮಿ ಇದೇ, ಕೆಳಗೆ ಜಿಡಿಬಿ ಅಥವಾ ಎಲ್‌ಎಲ್‌ಡಿಬಿ ಅನ್ನುವ ಇನ್ನೊಂದು ಡಿಬಗ್ಗರ್. ಹಾಗಾಗಿ "ಯಾವ ಡಿಬಗ್ಗರ್" ಅಂತ ಕೇಳುವುದಕ್ಕಿಂತ "ಯಾವ ಮುಖ ಹಚ್ಚಿಕೊಳ್ಳಲಿ" ಅಂತ ಕೇಳಬೇಕು. 1986ರಿಂದ ಇರುವ ಪ್ರೋಗ್ರಾಂ ಅದು, ಸುಲಭಕ್ಕೆ ಹೋಗಲ್ಲ.

ಥ್ರೆಡ್ ಹಾರುವ ವಿಷಯಕ್ಕೆ ಬರೋಣ. ಜಿಡಿಬಿಯಲ್ಲಿ ಒಂದು ಥ್ರೆಡ್ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತರೆ ಎಲ್ಲಾ ಥ್ರೆಡ್‌ಗಳೂ ನಿಲ್ಲುತ್ತವೆ. ಆದರೆ ನೀವು ನೆಕ್ಸ್ಟ್ ಒತ್ತಿದ ತಕ್ಷಣ ನಿಮ್ಮ ಥ್ರೆಡ್ ಜೊತೆ ಉಳಿದ ಹದಿಮೂರೂ ಓಡುತ್ತವೆ. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಅದೇ ಬ್ರೇಕ್‌ಪಾಯಿಂಟ್ ಮುಟ್ಟಿದರೆ ಜಿಡಿಬಿ ನಿಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತದೆ. ಇದು ಬೇಡ ಅಂದರೆ "ಸೆಟ್ ಶೆಡ್ಯೂಲರ್-ಲಾಕಿಂಗ್ ಸ್ಟೆಪ್" ಅಂತ ಕೊಡಿ. ಸ್ಟೆಪ್ ಮಾಡುವಾಗ ನಿಮ್ಮ ಥ್ರೆಡ್ ಮಾತ್ರ ಮುಂದೆ ಹೋಗುತ್ತದೆ, ಕಂಟಿನ್ಯೂ ಕೊಟ್ಟಾಗ ಎಲ್ಲವೂ ಓಡುತ್ತವೆ. ಇನ್ನು ಬ್ರೇಕ್‌ಪಾಯಿಂಟನ್ನೇ ಒಂದು ಥ್ರೆಡ್‌ಗೆ ಕಟ್ಟಿಹಾಕಬಹುದು: ಬ್ರೇಕ್ ಅಂತ ಬರೆದು ಫೈಲು, ಸಾಲು ಕೊಟ್ಟು, ಕೊನೆಯಲ್ಲಿ "ಥ್ರೆಡ್ 3" ಅಂತ ಸೇರಿಸಿ.

ವಿಂಡೋಸ್_ಮಿತ್ರ
ಸೆಟ್ ಶೆಡ್ಯೂಲರ್-ಲಾಕಿಂಗ್ ಆನ್ ಅಂತಲೂ ಇದೆ, ಅದನ್ನು ಮಾತ್ರ ಹುಷಾರಾಗಿ ಬಳಸಿ. ಬೇರೆ ಥ್ರೆಡ್ ಹಿಡಿದುಕೊಂಡಿರುವ ಲಾಕ್‌ಗೆ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ) ನಿಮ್ಮ ಥ್ರೆಡ್ ಕಾಯಲು ಹೋದರೆ ಮುಗೀತು. ಆ ಥ್ರೆಡ್ ಓಡುವುದೇ ಇಲ್ಲ, ಲಾಕ್ ಬಿಡುವುದೂ ಇಲ್ಲ. ನಾನು ಶುರುವಿನಲ್ಲಿ ಇದನ್ನೇ ಡೆಡ್‌ಲಾಕ್ (ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತಾ ನಿಂತುಹೋಗುವುದು) ಅಂದುಕೊಂಡು ಒಂದು ಇಡೀ ಮಧ್ಯಾಹ್ನ ಹುಡುಕಿದ್ದೆ.

ರಾತ್ರಿಪಾಳಿ
ಅಲ್ಲಲ್ಲಿ ಪ್ರಿಂಟ್‌ಎಫ್ ಹಾಕಿ, ಏನಾಗ್ತಿದೆ ಅಂತ ಬರೆಸಿ. ನನಗೆ 15 ವರ್ಷದಲ್ಲಿ ಬೇರೇನೂ ಬೇಕಾಗಿಲ್ಲ.

ಎಂಬೆಡೆಡ್_ಅಕ್ಕ
@ರಾತ್ರಿಪಾಳಿ, ಒಂದು ಥ್ರೆಡ್ ಇದ್ದಾಗ ಸರಿ. ಮಲ್ಟಿಥ್ರೆಡ್‌ನಲ್ಲಿ ಪ್ರಿಂಟ್‌ಎಫ್ ತಾನೇ ಒಂದು ಲಾಕ್ ಹಿಡಿಯುತ್ತೆ. ಎರಡು ಥ್ರೆಡ್ ಒಂದೇ ಸಲ ಬರೆಯಲು ಹೋದರೆ ಒಂದು ಇನ್ನೊಂದಕ್ಕೆ ಕಾಯಬೇಕು. ಹಾಗಾಗಿ ಪ್ರಿಂಟ್‌ಎಫ್ ಹಾಕಿದ ಕೂಡಲೇ ಟೈಮಿಂಗ್ ಬದಲಾಗಿ ತೊಂದರೆ ಕಾಣೆಯಾಗುತ್ತೆ, ತೆಗೆದ ಕೂಡಲೇ ವಾಪಸ್ ಬರುತ್ತೆ. ಲಾಗ್ ಬೇಕೇ ಬೇಕು ಅಂದರೆ ಪ್ರತಿ ಥ್ರೆಡ್‌ಗೂ ಮೆಮೊರಿಯಲ್ಲಿ ಬೇರೆಬೇರೆ ರಿಂಗ್ ಬಫರ್ (ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುವ ಜಾಗ) ಇಟ್ಟು, ನಿಂತ ಮೇಲೆ ಡಿಬಗ್ಗರ್‌ನಿಂದ ಓದಿ.

ಕಾವೇರಿತೀರ ಅವರೇ, ನಿಮ್ಮದು ನಿಂತುಹೋದ ಪ್ರೋಗ್ರಾಂ. ಅದಕ್ಕೆ ಬ್ರೇಕ್‌ಪಾಯಿಂಟೂ ಬೇಡ, ಸ್ಟೆಪ್ಪೂ ಬೇಡ. ಮುಂದಿನ ಸಲ ನಿಂತಾಗ ರೀಸ್ಟಾರ್ಟ್ ಮಾಡಬೇಡಿ, ದಯವಿಟ್ಟು. ನಿಂತಿರುವ ಪ್ರೋಗ್ರಾಂನೊಳಗೆ ಉತ್ತರ ಇರುತ್ತೆ. ರೀಸ್ಟಾರ್ಟ್ ಮಾಡಿದರೆ ಆ ಉತ್ತರವನ್ನೇ ಅಳಿಸಿ ಹಾಕಿದ ಹಾಗೆ. ಜಿಡಿಬಿಗೆ ಮೈನಸ್ ಪಿ ಕೊಟ್ಟು ಪ್ರೋಸೆಸ್ ನಂಬರ್ ಕೊಡಿ, ಅಟ್ಯಾಚ್ ಆಗುತ್ತೆ. ಆಮೇಲೆ "ಥ್ರೆಡ್ ಅಪ್ಲೈ ಆಲ್ ಬಿಟಿ". ಹದಿನಾಲ್ಕೂ ಥ್ರೆಡ್ ಎಲ್ಲೆಲ್ಲಿ ಕೂತಿವೆ ಅಂತ ಬರುತ್ತೆ. ಅದಕ್ಕೂ ಮುಂಚೆ "ಸೆಟ್ ಪೇಜಿನೇಷನ್ ಆಫ್" ಕೊಡಿ, ಇಲ್ಲದಿದ್ದರೆ ಪ್ರತಿ ಪುಟಕ್ಕೂ ಎಂಟರ್ ಒತ್ತುತ್ತಾ ಕೂರಬೇಕು.

ಧಾರವಾಡ_ಫೇಡೆ
ಅಕ್ಕಾರು ಹೇಳಿದ್ದು ಖರೇ ಅದ. ಒಂದು ಮಾತು ಸೇರಸ್ತೀನ್ರಿ. ಅಟ್ಯಾಚ್ ಮಾಡಿದಾಗ ಪ್ರೋಗ್ರಾಂ ಪೂರ್ತಿ ನಿಲ್ಲತದ. ಈಗಾಗಲೇ ನಿಂತಿದ್ದಕ್ಕ ಅಡ್ಡಿಯಿಲ್ಲ. ಆದ್ರ ಅರ್ಧ ಕೆಲಸ ಮಾಡ್ಲಿಕ್ಕತ್ತಿದ್ದ ಸರ್ವರ್‌ಗೆ ಹಿಂಗ ಮಾಡಬ್ಯಾಡ್ರಿ. ನಾ ಹಿಂದ ಕೆಲಸ ಮಾಡ್ತಿದ್ದ ಕಡೆ ಒಬ್ಬರು ಗಿರಾಕಿಗಳ ಸರ್ವರ್‌ಗೆ ಅಟ್ಯಾಚ್ ಮಾಡಿ ಚಾ ಕುಡೀಲಿಕ್ಕೆ ಹೋದ್ರು. ಹೆಲ್ತ್ ಚೆಕ್‌ಗೆ ಉತ್ತರ ಬರಲಿಲ್ಲ ಅಂತ ಅದನ್ನ ಕಿತ್ತು ಹಾಕಿ ಹೊಸದು ಎಬ್ಬಿಸ್ತು ಸಿಸ್ಟಮ್. ನೋಡಬೇಕಾಗಿದ್ದೂ ಹೋತು, ಗಿರಾಕಿಗಳ ಸಿಟ್ಟೂ ಬಂತು. ಬ್ಯಾಚ್ ಮೋಡ್‌ನಾಗ ಒಂದೇ ಸಾಲಿನೊಳಗ ಹಚ್ಚಿ ಔಟ್‌ಪುಟ್ ಫೈಲಿಗೆ ಹಾಕ್ಕೊಂಡು ಹೊರಬರ್ರಿ, ಇಲ್ಲಾ ಜಿಕೋರ್ ಹಚ್ಚಿ ಕೋರ್ ಫೈಲ್ (ಪ್ರೋಗ್ರಾಂನ ಮೆಮೊರಿಯ ಪ್ರತಿ) ತಗೊಂಡು ಆಮೇಲೆ ನಿಧಾನ ನೋಡ್ರಿ.

ಕಾವೇರಿತೀರ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಪರೀಕ್ಷೆಗೆ ಅಂತ ಈಗ ಓಡುತ್ತಿರುವ ಟೆಸ್ಟ್ ಸರ್ವರ್‌ಗೆ ಅಟ್ಯಾಚ್ ಮಾಡಲು ಹೋದೆ. "ಆಪರೇಷನ್ ನಾಟ್ ಪರ್ಮಿಟೆಡ್" ಅಂತ ಬರುತ್ತಿದೆ. ಪ್ರೋಸೆಸ್ ನನ್ನದೇ ಯೂಸರ್‌ನಲ್ಲಿದೆ. ಯಾಕೆ ಹೀಗೆ?

ಹಳೇಬೇರು
ಅದು ಯಾಮಾ, ಲಿನಕ್ಸ್ ಕರ್ನಲ್‌ನ ಒಂದು ಸುರಕ್ಷತಾ ಭಾಗ. ಉಬುಂಟು 10.10ರಿಂದ ಹೀಗೆಯೇ. ಒಂದು ಪ್ರೋಸೆಸ್ ತನ್ನ ಮಕ್ಕಳಿಗೆ ಮಾತ್ರ ಅಟ್ಯಾಚ್ ಆಗಬಹುದು, ಅಕ್ಕಪಕ್ಕದವರಿಗೆ ಆಗುವ ಹಾಗಿಲ್ಲ. ಸುರಕ್ಷತೆಗಾಗಿ ಮಾಡಿದ್ದು. ಸುಡೋ ಹಾಕಿದರೆ ಆಗುತ್ತದೆ. ಡೆವಲಪ್‌ಮೆಂಟ್ ಯಂತ್ರವಾದರೆ ಪ್ರಾಕ್ ಕೆಳಗೆ ಸಿಸ್, ಕರ್ನಲ್, ಯಾಮಾ ಅಂತ ಇಳಿದು ಪಿಟ್ರೇಸ್ ಸ್ಕೋಪ್ ಅನ್ನುವ ಫೈಲಿಗೆ ಸೊನ್ನೆ ಬರೆಯಿರಿ. ಪ್ರೊಡಕ್ಷನ್ ಯಂತ್ರದಲ್ಲಿ ಇದನ್ನು ಮುಟ್ಟಬೇಡಿ, ಸುಡೋ ಸಾಕು.

ಮಂಡ್ಯದ_ಕೋಡರ್
ಡಾಕರ್ ಒಳಗಿದ್ದರೆ ಅದೂ ಸಾಲದು. ಕಂಟೇನರ್ ಶುರು ಮಾಡುವಾಗ ಸಿಸ್ ಪಿಟ್ರೇಸ್ ಕೇಪಬಿಲಿಟಿ ಕೊಡಬೇಕು. ಇದು ಗೊತ್ತಿಲ್ಲದೆ ನಾನು ಎರಡು ದಿನ ಕಳೆದಿದ್ದೇನೆ.

ಕಡಲಬದಿ
ಮ್ಯಾಕ್‌ನಲ್ಲಿ ಇನ್ನೂ ಕಷ್ಟ ಮಾರಾಯ್ರೆ. ಜಿಡಿಬಿಗೆ ಕೋಡ್ ಸೈನ್ ಮಾಡ್ಬೇಕು, ಆ್ಯಪಲ್ ಸಿಲಿಕಾನ್ ಬಂದ ಮೇಲಂತೂ ಆಸೆಯೇ ಬಿಟ್ಟಿದ್ದೇನೆ. ಎಕ್ಸ್‌ಕೋಡ್ 5 ಬಂದಾಗಲೇ, 2013ರಲ್ಲಿ, ಜಿಡಿಬಿ ತೆಗೆದು ಹಾಕಿದರು. ಈಗ ಎಲ್‌ಎಲ್‌ಡಿಬಿಯೇ ಗತಿ, ಆದರೆ ಒಳ್ಳೆಯದೇ ಇದೆ. ಅಲ್ಲಿ "ಬಿಟಿ ಆಲ್" ಅಂದರೆ ಸಾಕು. ಇನ್ನು "ಸ್ಯಾಂಪಲ್" ಅಂತ ಒಂದು ಕಮಾಂಡ್ ಉಂಟು. ಪ್ರೋಸೆಸ್ ನಂಬರ್ ಕೊಟ್ಟರೆ ಕೆಲವು ಸೆಕೆಂಡ್ ನೋಡಿ ಎಲ್ಲಾ ಥ್ರೆಡ್‌ಗಳ ಸ್ಟ್ಯಾಕ್ ಬರೆದು ಕೊಡ್ತದೆ, ಡಿಬಗ್ಗರ್ ತೆರೆಯುವ ಕೆಲಸವೇ ಇಲ್ಲ.

ಬಿಎಸ್‌ಡಿ_ಪ್ರೇಮಿ
ಫ್ರೀಬಿಎಸ್‌ಡಿ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಅಲ್ಲಿ ಬೇಸ್ ಸಿಸ್ಟಮ್ ಜೊತೆ ತುಂಬಾ ವರ್ಷ ಜಿಡಿಬಿ 6.1.1 ಬರುತ್ತಿತ್ತು, ಅಷ್ಟು ಹಳೆಯದು. ಹೊಸಬರು ಅದನ್ನು ಓಡಿಸಿ ನೋಡಿ ಜಿಡಿಬಿಯೇ ಕೆಟ್ಟದ್ದು ಅಂತ ತೀರ್ಮಾನ ಮಾಡುತ್ತಿದ್ದರು. ಪ್ಯಾಕೇಜ್‌ನಿಂದ ಹೊಸ ಜಿಡಿಬಿ ಹಾಕಿಕೊಳ್ಳಬೇಕು, ಇಲ್ಲವೇ ಬೇಸ್‌ನಲ್ಲೇ ಬರುವ ಎಲ್‌ಎಲ್‌ಡಿಬಿ ಬಳಸಬೇಕು. ಥ್ರೆಡ್ ಕರ್ನಲ್ ಒಳಗೆ ಎಲ್ಲಿ ಮಲಗಿದೆ ಅಂತ ನೋಡಲು ಪ್ರಾಕ್‌ಸ್ಟ್ಯಾಟ್‌ಗೆ ಮೈನಸ್ ಕೆಕೆ ಕೊಡಿ. ಹೊಸ ಓಎಸ್‌ಗೆ ಹೋದವರು ಅದರ ಜೊತೆ ಬಂದ ಡಿಬಗ್ಗರ್ ಯಾವ ವರ್ಷದ್ದು ಅಂತ ಮೊದಲು ನೋಡಬೇಕು. ಇದು ನಾನು ಪೆಟ್ಟು ತಿಂದು ಕಲಿತದ್ದು.

ಜಾವಾಮಾತು
ನಮ್ಮ ಜಾವಾದಲ್ಲಿ ಜೆಸ್ಟ್ಯಾಕ್ ಅನ್ನೋ ಟೂಲ್ ಓಡಿಸಿದರೆ "ಒಂದು ಡೆಡ್‌ಲಾಕ್ ಸಿಕ್ಕಿದೆ, ಈ ಥ್ರೆಡ್ ಆ ಲಾಕ್‌ಗೆ ಕಾಯ್ತಿದೆ, ಅದು ಇವರ ಹತ್ತಿರ ಇದೆ" ಅಂತ ತಾನೇ ಹೇಳುತ್ತೆ. ಸಿ++ನಲ್ಲಿ ಇಷ್ಟು ವರ್ಷವಾದರೂ ಇದನ್ನು ಕೈಯಲ್ಲೇ ಹುಡುಕಬೇಕಾ?

ಎಂಬೆಡೆಡ್_ಅಕ್ಕ
ಹುಡುಕಬೇಕು, ಆದರೆ ಅಷ್ಟೇನು ಕಷ್ಟ ಇಲ್ಲ. ಮ್ಯೂಟೆಕ್ಸ್ ಅಂದರೆ ಇದೇ ಲಾಕ್, ಅದರೊಳಗೇ ಯಜಮಾನರ ಹೆಸರು ಬರೆದಿರುತ್ತೆ. ಕಾವೇರಿತೀರ ಅವರೂ ಇದನ್ನು ಗುರುತು ಹಾಕಿಕೊಳ್ಳಿ.

ಲಾಕ್‌ಗೆ ಕಾಯುತ್ತಿರುವ ಥ್ರೆಡ್‌ನ ಸ್ಟ್ಯಾಕ್ ತುದಿಯಲ್ಲಿ "ಎಲ್‌ಎಲ್‌ಎಲ್ ಲಾಕ್ ವೈಟ್" ಅನ್ನೋ ಫ್ರೇಮ್ ಇರುತ್ತೆ. ಕೆಲಸ ಬರಲಿ ಅಂತ ಸುಮ್ಮನೆ ಕಾಯುತ್ತಿರುವ ಥ್ರೆಡ್‌ನಲ್ಲಿ "ಪಿಥ್ರೆಡ್ ಕಂಡ್ ವೈಟ್" ಇರುತ್ತೆ. ಎರಡನೆಯದು ಸಾಮಾನ್ಯವಾಗಿ ನಿರಪರಾಧಿ. ಮೊದಲನೆಯದನ್ನು ಹಿಡಿಯಿರಿ. "ಅಪ್" ಕೊಡುತ್ತಾ ನಿಮ್ಮ ಸ್ವಂತ ಫಂಕ್ಷನ್ ಬರುವವರೆಗೂ ಹತ್ತಿ. ಅಲ್ಲಿ ಆ ಮ್ಯೂಟೆಕ್ಸನ್ನು ಪ್ರಿಂಟ್ ಮಾಡಿ. ಒಳಗೆ ಡೇಟಾ, ಅದರೊಳಗೆ ಓನರ್ ಅಂತ ಒಂದು ಫೀಲ್ಡ್ ಇದೆ, ಎರಡಕ್ಕೂ ಮುಂದೆ ಎರಡೆರಡು ಅಂಡರ್‌ಸ್ಕೋರ್. ಅದರಲ್ಲಿರುವುದು ಲಿನಕ್ಸ್ ಆ ಥ್ರೆಡ್‌ಗೆ ಕೊಟ್ಟ ನಂಬರ್, ಅದಕ್ಕೆ ಎಲ್‌ಡಬ್ಲ್ಯೂಪಿ ಅಂತಾರೆ. "ಇನ್ಫೋ ಥ್ರೆಡ್ಸ್" ಕೊಟ್ಟರೆ ಪ್ರತಿ ಥ್ರೆಡ್ ಪಕ್ಕದಲ್ಲೂ ಅದೇ ನಂಬರ್ ಇರುತ್ತೆ. ಹೊಂದಿಸಿ ನೋಡಿದರೆ ಲಾಕ್ ಯಾರ ಕೈಯಲ್ಲಿದೆ ಅಂತ ಗೊತ್ತಾಯಿತು. ಆಮೇಲೆ ಆ ಥ್ರೆಡ್ ಯಾರಿಗೆ ಕಾಯುತ್ತಿದೆ ನೋಡಿ. ಸುತ್ತು ಹೊಡೆದು ಮೊದಲನೆಯವರ ಹತ್ತಿರವೇ ಬಂದರೆ ಡೆಡ್‌ಲಾಕ್.

ಇದಕ್ಕೆ ಮೈನಸ್ ಜಿ ಹಾಕಿ ಕಂಪೈಲ್ ಮಾಡಿರಬೇಕು. ಇಲ್ಲದಿದ್ದರೆ ನಿಮ್ಮ ಕೋಡ್‌ನ ಸಾಲಿನ ನಂಬರ್, ವೇರಿಯಬಲ್ ಕಾಣಲ್ಲ. ಆಪ್ಟಿಮೈಸೇಷನ್ ಇದ್ದರೂ ಮೈನಸ್ ಜಿ ಹಾಕಬಹುದು, ಪ್ರೋಗ್ರಾಂ ನಿಧಾನ ಆಗಲ್ಲ, ಫೈಲ್ ದೊಡ್ಡದಾಗುತ್ತೆ ಅಷ್ಟೇ.

ಜಾವಾಮಾತು
ಇದು ನನಗೆ ಗೊತ್ತಿರಲಿಲ್ಲ ಅಕ್ಕ. ಮ್ಯೂಟೆಕ್ಸ್ ಒಳಗೆ ಓನರ್ ಇರುತ್ತೆ ಅಂತ ಯಾರೂ ಹೇಳಿಕೊಟ್ಟಿಲ್ಲ.

ಸೆಮಾಫೋರ್_ಶೆಟ್ರು
ಥ್ರೆಡ್‌ಗಳಿಗೆ ಹೆಸರು ಇಡಿ. ನಂಬರ್ ನೋಡಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಅದು ವಾಸಿ. ಪಿಥ್ರೆಡ್ ಸೆಟ್‌ನೇಮ್ ಎನ್‌ಪಿ ಕರೆದರೆ ಆ ಹೆಸರು ಇನ್ಫೋ ಥ್ರೆಡ್ಸ್‌ನಲ್ಲೂ, ಟಾಪ್‌ನಲ್ಲೂ ಕಾಣುತ್ತೆ. ಆದರೆ 15 ಅಕ್ಷರ ದಾಟಬಾರದು. ದಾಟಿದರೆ ಕತ್ತರಿಸಿ ಇಡಲ್ಲ, ಎರರ್ ಕೊಟ್ಟು ಹೆಸರೇ ಇಡದೆ ಬಿಡುತ್ತೆ. ನಾನು ರಿಟರ್ನ್ ವ್ಯಾಲ್ಯೂ ನೋಡಿರಲಿಲ್ಲ, ಹೆಸರು ಯಾಕೆ ಬರ್ತಿಲ್ಲ ಅಂತ ಒಂದು ವಾರ ಅಂದುಕೊಂಡಿದ್ದೆ.

ಆರ್‌ಆರ್_ಭಕ್ತ
ಎಲ್ಲರೂ ಜಿಡಿಬಿ ಜಿಡಿಬಿ ಅಂತಿದ್ದೀರಿ. ಆರ್‌ಆರ್ ಬಗ್ಗೆ ಹೇಳಲೇಬೇಕು. ಮೊಜಿಲ್ಲಾದವರು ಫೈರ್‌ಫಾಕ್ಸ್ ತೊಂದರೆ ಹುಡುಕಲು ಮಾಡಿಕೊಂಡ ಟೂಲ್ ಅದು. ಪ್ರೋಗ್ರಾಂ ಓಡಿದ್ದನ್ನು ರೆಕಾರ್ಡ್ ಮಾಡುತ್ತದೆ, ಆಮೇಲೆ ಎಷ್ಟು ಸಲ ಬೇಕಾದರೂ ಅದೇ ಓಟವನ್ನು ಅದೇ ಕ್ರಮದಲ್ಲಿ ಮತ್ತೆ ಓಡಿಸಬಹುದು. ಹಿಂದಕ್ಕೂ ಹೋಗಬಹುದು. ನನ್ನದೊಂದು ಕೌಂಟರ್ ಯಾವಾಗಲೋ ಒಮ್ಮೆ ಮೈನಸ್ ಒಂದು ಆಗುತ್ತಿತ್ತು. ರೆಕಾರ್ಡ್ ಮಾಡಿ, ಮೈನಸ್ ಒಂದು ಆದ ಜಾಗದಲ್ಲಿ ನಿಂತು, ಆ ವೇರಿಯಬಲ್ ಮೇಲೆ ವಾಚ್‌ಪಾಯಿಂಟ್ ಇಟ್ಟು "ರಿವರ್ಸ್-ಕಂಟಿನ್ಯೂ" ಕೊಟ್ಟೆ. ಅದನ್ನು ಕೊನೆಯ ಸಲ ಬರೆದ ಸಾಲಿಗೇ ಹೋಗಿ ನಿಂತಿತು. ಆರು ವಾರದಿಂದ ಸಿಗದಿದ್ದದ್ದು ಹತ್ತು ನಿಮಿಷಕ್ಕೆ ಸಿಕ್ಕಿತು. ಆ ದಿನ ನನಗೆ ಕಣ್ಣಲ್ಲಿ ನೀರು ಬಂದಿತ್ತು, ನಿಜ ಹೇಳುತ್ತಿದ್ದೇನೆ.

ಹಳೇಬೇರು
ಒಪ್ಪಿದೆ, ಆದರೆ ಮಿತಿಗಳನ್ನೂ ಹೇಳಿ. ಆರ್‌ಆರ್ ಎಲ್ಲಾ ಥ್ರೆಡ್‌ಗಳನ್ನೂ ಒಂದೇ ಕೋರ್ ಮೇಲೆ ಒಂದಾದ ಮೇಲೊಂದು ಓಡಿಸುತ್ತದೆ. 14 ಥ್ರೆಡ್ ಬೇರೆಬೇರೆ ಕೋರ್‌ಗಳಲ್ಲಿ ಓಡಿದಾಗ ಮಾತ್ರ ಬರುವ ತೊಂದರೆ ಅಲ್ಲಿ ಬರದೇ ಹೋಗಬಹುದು. ಜೊತೆಗೆ ಪ್ರೋಸೆಸರ್‌ನ ಪರ್ಫಾರ್ಮೆನ್ಸ್ ಕೌಂಟರ್ ಬೇಕು. ಎಷ್ಟೋ ವರ್ಚುವಲ್ ಯಂತ್ರಗಳಲ್ಲಿ ಅದು ಸಿಗಲ್ಲ.

ಆರ್‌ಆರ್_ಭಕ್ತ
ಅದಕ್ಕೇ ಕೇಯಾಸ್ ಮೋಡ್ ಇದೆ ಅಣ್ಣ. ಥ್ರೆಡ್‌ಗಳ ಸರದಿಯನ್ನು ಬೇಕಂತಲೇ ಅಡ್ಡಾದಿಡ್ಡಿ ಮಾಡಿ ಓಡಿಸುತ್ತದೆ. ಸಾಮಾನ್ಯವಾಗಿ ಬರದ ತೊಂದರೆಗಳೂ ಅದರಲ್ಲಿ ಎದ್ದು ಬರುತ್ತವೆ. ವರ್ಚುವಲ್ ಯಂತ್ರದ ಮಾತು ನಿಜ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಮಂಡ್ಯದ_ಕೋಡರ್
ಥ್ರೆಡ್ ಸ್ಯಾನಿಟೈಸರ್ ಮರೆತಿರಾ? ಜಿಸಿಸಿ ಕಂಪೈಲರ್‌ನಲ್ಲಿ 4.8ರಿಂದ ಇದೆ. ಎಫ್‌ಸ್ಯಾನಿಟೈಸ್‌ಗೆ ಥ್ರೆಡ್ ಅಂತ ಕೊಟ್ಟು ಕಂಪೈಲ್ ಮಾಡಿ ಓಡಿಸಿದರೆ ಎರಡು ಥ್ರೆಡ್ ಲಾಕ್ ಇಲ್ಲದೆ ಒಂದೇ ಜಾಗ ಮುಟ್ಟಿದ ಕೂಡಲೇ ಎರಡೂ ಸ್ಟ್ಯಾಕ್ ತೋರಿಸುತ್ತೆ. ಲಾಕ್‌ಗಳ ಕ್ರಮ ತಪ್ಪಿದ್ದರೆ ಡೆಡ್‌ಲಾಕ್ ಆಗುವ ಮುಂಚೆಯೇ ಹೇಳುತ್ತೆ. 5ರಿಂದ 15 ಪಟ್ಟು ನಿಧಾನ ಆಗುತ್ತೆ, ಮೆಮೊರಿಯೂ 5ರಿಂದ 10 ಪಟ್ಟು ಬೇಕು. ಹಾಗಾಗಿ ಟೆಸ್ಟ್‌ನಲ್ಲಿ ಮಾತ್ರ. ಹೊಸ ಉಬುಂಟುಗಳಲ್ಲಿ "ಅನ್‌ಎಕ್ಸ್‌ಪೆಕ್ಟೆಡ್ ಮೆಮೊರಿ ಮ್ಯಾಪಿಂಗ್" ಅಂತ ಶುರುವಲ್ಲೇ ಬಿದ್ದರೆ ಹೆದರಬೇಡಿ, ಸಿಸ್‌ಸಿಟಿಎಲ್‌ನಲ್ಲಿ ಎಂಮ್ಯಾಪ್ ರ್‍ಯಾಂಡಮ್ ಬಿಟ್‌ಗಳನ್ನು 28ಕ್ಕೆ ಇಳಿಸಿ.

ರಾತ್ರಿಪಾಳಿ
ವ್ಯಾಲ್‌ಗ್ರಿಂಡ್‌ನ ಹೆಲ್‌ಗ್ರಿಂಡ್ ಟೂಲ್ ಕೂಡ ಇದೇ ಕೆಲಸ ಮಾಡುತ್ತೆ ಅಲ್ವಾ? ಮತ್ತೆ ಕಂಪೈಲ್ ಮಾಡುವ ಅಗತ್ಯವೂ ಇಲ್ಲ.

ಮಂಡ್ಯದ_ಕೋಡರ್
ಮಾಡುತ್ತೆ, ಆದರೆ ತುಂಬಾ ನಿಧಾನ. ವ್ಯಾಲ್‌ಗ್ರಿಂಡ್ ಒಂದು ಸಲಕ್ಕೆ ಒಂದೇ ಥ್ರೆಡ್ ಓಡಿಸುತ್ತೆ. ಸೋರ್ಸ್ ಕೈಯಲ್ಲಿಲ್ಲ ಅಂದರೆ ಅದು, ಇದೆ ಅಂದರೆ ಸ್ಯಾನಿಟೈಸರ್.

ಕಾವೇರಿತೀರ
ನಿಂತಿದೆ!! ಇವತ್ತು ಮಧ್ಯಾಹ್ನ 3 ಗಂಟೆಗೆ. ರೀಸ್ಟಾರ್ಟ್ ಮಾಡಲು ಬಿಟ್ಟಿಲ್ಲ, ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿಕೊಂಡಿದ್ದೇನೆ. ಅಕ್ಕ ಹೇಳಿದ ಹಾಗೇ ಮಾಡಿದೆ. ಔಟ್‌ಪುಟ್ 400 ಸಾಲು ದಾಟಿದೆ. 14ರಲ್ಲಿ ಎಂಟು ಥ್ರೆಡ್ ಲಾಕ್ ವೈಟ್‌ನಲ್ಲಿವೆ. ಉಳಿದವು ಕಂಡ್ ವೈಟ್, ಒಂದು ಪೋಲ್‌ನಲ್ಲಿದೆ. ಎಂಟೂ ಒಂದೇ ಮ್ಯೂಟೆಕ್ಸ್‌ಗೆ ಕಾಯುತ್ತಿವೆ, ಅಡ್ರೆಸ್ ಒಂದೇ. ಓನರ್ 4127 ಅಂತಿದೆ.

ಸೆಮಾಫೋರ್_ಶೆಟ್ರು
ಹಾಗಾದರೆ 4127 ಇನ್ನೊಂದು ಲಾಕ್‌ಗೆ ಕಾಯ್ತಿರಬೇಕು. ಎ ಹಿಡಿದು ಬಿ ಕೇಳುವವರು ಒಬ್ಬರು, ಬಿ ಹಿಡಿದು ಎ ಕೇಳುವವರು ಇನ್ನೊಬ್ಬರು. ಇದು ಎಲ್ಲಾ ಕಡೆ ಇದ್ದದ್ದೇ. ಸಿ++17ರ ಸ್ಕೋಪ್ಡ್ ಲಾಕ್ ಹಾಕಿ ಎರಡನ್ನೂ ಒಟ್ಟಿಗೆ ಹಿಡಿದರೆ ಸರಿ ಹೋಗುತ್ತೆ.

ಎಂಬೆಡೆಡ್_ಅಕ್ಕ
ನಿಲ್ಲಿ ಶೆಟ್ರೇ, ಒಂದೇ ಲಾಕ್ ಕಾಣುತ್ತಿದೆ, ಎರಡನೆಯದು ಎಲ್ಲಿದೆ? ಕಾವೇರಿತೀರ ಅವರೇ, 4127 ಯಾವ ಥ್ರೆಡ್, ಅದು ಎಲ್ಲಿ ಕೂತಿದೆ?

ಕಾವೇರಿತೀರ
ಇನ್ಫೋ ಥ್ರೆಡ್ಸ್‌ನಲ್ಲಿ 4127 ಅಂದರೆ ಥ್ರೆಡ್ 5. ಅದು ಆ ಎಂಟರಲ್ಲೇ ಒಂದು! ಅದೂ ಅದೇ ಮ್ಯೂಟೆಕ್ಸ್‌ಗೆ ಕಾಯುತ್ತಿದೆ. ತಾನೇ ಹಿಡಿದುಕೊಂಡು ತಾನೇ ಕಾಯುತ್ತಿದೆಯಾ? ಇದು ಹೇಗೆ ಸಾಧ್ಯ? ಇದೇ ಕೋಡ್ ವಿಂಡೋಸ್‌ನಲ್ಲಿ ಮೂರು ವರ್ಷ ಓಡಿದೆ.

ವಿಂಡೋಸ್_ಮಿತ್ರ
ಸಿಕ್ಕಿತು. ವಿಂಡೋಸ್‌ನಲ್ಲಿ ಲಾಕ್‌ಗೆ ಕ್ರಿಟಿಕಲ್ ಸೆಕ್ಷನ್ ಬಳಸುತ್ತಿದ್ದಿರಾ? ಹೌದಾದರೆ ಇದೇ ಕಾರಣ. ಕ್ರಿಟಿಕಲ್ ಸೆಕ್ಷನ್ ಹಿಡಿದಿರುವ ಥ್ರೆಡ್ಡೇ ಮತ್ತೆ ಅದನ್ನು ಕೇಳಿದರೆ ವಿಂಡೋಸ್ ಒಳಗೆ ಬಿಡುತ್ತದೆ, ಎಷ್ಟು ಸಲ ಬಂದರು ಅಂತ ಎಣಿಸಿಕೊಳ್ಳುತ್ತದೆ. ಲಿನಕ್ಸ್‌ನ ಸಾಮಾನ್ಯ ಪಿಥ್ರೆಡ್ ಮ್ಯೂಟೆಕ್ಸ್‌ಗೆ ಆ ಗುಣ ಇಲ್ಲ. ಎರಡನೇ ಸಲ ಕೇಳಿದರೆ ತನ್ನನ್ನು ತಾನೇ ಕಾಯುತ್ತಾ ಕೂರುತ್ತದೆ. ಪೋರ್ಟ್ ಮಾಡುವಾಗ ಒಂದನ್ನು ತೆಗೆದು ಇನ್ನೊಂದನ್ನು ಹಾಕಿರುತ್ತೀರಿ, ಕಂಪೈಲರ್ ಏನೂ ಹೇಳಲ್ಲ, ಟೆಸ್ಟೂ ಪಾಸ್ ಆಗುತ್ತದೆ.

ಕಾವೇರಿತೀರ
ಹೌದು!! ನಮ್ಮದು ಒಂದು ಲಾಕ್ ಕ್ಲಾಸ್ ಇದೆ. ಒಳಗೆ ಕ್ರಿಟಿಕಲ್ ಸೆಕ್ಷನ್ ಇತ್ತು, ಪಿಥ್ರೆಡ್ ಮ್ಯೂಟೆಕ್ಸ್ ಹಾಕಿದವನು ನಾನೇ.

ಥ್ರೆಡ್ 5ರ ಸ್ಟ್ಯಾಕ್ ಕೆಳಗಿಂದ ಮೇಲಕ್ಕೆ ಓದಿದೆ. ಯಂತ್ರವನ್ನು ಪಟ್ಟಿಯಿಂದ ತೆಗೆಯುವ ಫಂಕ್ಷನ್ ಲಾಕ್ ಹಿಡಿಯುತ್ತದೆ. ಅದು ಸಂಪರ್ಕ ಮುಚ್ಚುವ ಫಂಕ್ಷನ್ ಕರೆಯುತ್ತದೆ. ಮುಚ್ಚುವ ಮುಂಚೆ ಕೊನೆಯ ಒಂದು ಪ್ಯಾಕೆಟ್ ಕಳಿಸುತ್ತದೆ. ಅದು ಹೋಗದಿದ್ದರೆ ಎರರ್ ಹ್ಯಾಂಡ್ಲರ್. ಆ ಹ್ಯಾಂಡ್ಲರ್ "ಈ ಯಂತ್ರ ಸತ್ತಿದೆ, ಪಟ್ಟಿಯಿಂದ ತೆಗೆ" ಅಂತ ಮತ್ತೆ ಮೊದಲಿನ ಫಂಕ್ಷನ್ನನ್ನೇ ಕರೆಯುತ್ತದೆ. ಅಲ್ಲಿ ಅದೇ ಲಾಕ್. ಒಂದೇ ಸ್ಟ್ಯಾಕ್‌ನಲ್ಲಿ ಒಂದೇ ಫಂಕ್ಷನ್ ಹೆಸರು ಎರಡು ಸಲ ಇದೆ, ಫ್ರೇಮ್ 3ರಲ್ಲಿ ಒಮ್ಮೆ, ಫ್ರೇಮ್ 7ರಲ್ಲಿ ಒಮ್ಮೆ. ಇಷ್ಟು ದಿನ ಕೋಡ್ ಓದಿ ಓದಿ ಸಿಗದಿದ್ದದ್ದು ಕಣ್ಣೆದುರಿಗೇ ಇದೆ.

ಧಾರವಾಡ_ಫೇಡೆ
ಮುಚ್ಚೂ ಮುಂದ ಕಳಿಸೂದು ಫೇಲ್ ಆಗಬೇಕಂದ್ರ ಆ ಕಡೆ ಯಂತ್ರ ಒಮ್ಮೆಲೆ ಹೋಗಿರಬೇಕು. ಮಧ್ಯಾಹ್ನ ಮೂರಕ್ಕ ಅಲ್ಲಿ ಕರೆಂಟ್ ಹೋಗತದೇನ್ರಿ?

ಕಾವೇರಿತೀರ
ಈಗಷ್ಟೇ ಫೋನ್ ಮಾಡಿ ಕೇಳಿದೆ ಸರ್. ಯಂತ್ರ ಇಟ್ಟಿರುವ ಗೋದಾಮಿನಲ್ಲಿ ಎರಡು ಮುಕ್ಕಾಲಿಗೆ ಕರೆಂಟ್ ಹೋಗಿತ್ತು. ಕೀಪ್-ಅಲೈವ್ (ಆ ಕಡೆ ಇನ್ನೂ ಇದೆಯಾ ಅಂತ ನೋಡುವ ಪ್ಯಾಕೆಟ್) ಟೈಮ್‌ಔಟ್ ಆಗಿ ನಮ್ಮ ಸರ್ವರ್‌ಗೆ ಗೊತ್ತಾಗುವಷ್ಟರಲ್ಲಿ ಮೂರು. ಹಿಂದಿನ ಮೂರು ಸಲದ್ದೂ ಸಮಯ ತೆಗೆದು ನೋಡಿದೆ, ಮೂರೂ ಕರೆಂಟ್ ಹೋದ ದಿನಗಳೇ.

ಸೆಮಾಫೋರ್_ಶೆಟ್ರು
ನಾನು ಹೇಳಿದ್ದು ತಪ್ಪಾಯಿತು, ಅಕ್ಕ ಹೇಳಿದ್ದೇ ಸರಿ. ಓನರ್ ನೋಡದೆ ಊಹೆ ಮಾಡಿದೆ. ಈಗ ಸುಲಭ, ಹಿಡಿದ ಥ್ರೆಡ್ಡೇ ಮತ್ತೆ ಹಿಡಿಯಬಹುದಾದ ರಿಕರ್ಸಿವ್ ಮ್ಯೂಟೆಕ್ಸ್ ಮಾಡಿಬಿಡಿ. ಆಟ್ರಿಬ್ಯೂಟ್‌ನಲ್ಲಿ ಒಂದು ಸಾಲು.

ಹಳೇಬೇರು
ಬೇಡ. ರಿಕರ್ಸಿವ್ ಮಾಡಿದರೆ ನಿಲ್ಲುವುದು ತಪ್ಪುತ್ತದೆ, ತೊಂದರೆ ಅಲ್ಲೇ ಇರುತ್ತದೆ. ಪಟ್ಟಿಯಿಂದ ತೆಗೆಯುತ್ತಿರುವ ಅರ್ಧದಲ್ಲಿ ಅದೇ ಪಟ್ಟಿಯಿಂದ ಅದೇ ಯಂತ್ರವನ್ನು ಇನ್ನೊಮ್ಮೆ ತೆಗೆಯುತ್ತಿದ್ದಾರೆ. ವಿಂಡೋಸ್‌ನಲ್ಲಿ ಮೂರು ವರ್ಷ ಅದು ಆಗುತ್ತಲೇ ಇತ್ತು, ಅದೃಷ್ಟಕ್ಕೆ ಏನೂ ಕೆಡಲಿಲ್ಲ. ಲಾಕ್ ಹಿಡಿದುಕೊಂಡು ನೆಟ್‌ವರ್ಕ್‌ಗೆ ಕಳಿಸುವುದೇ ತಪ್ಪು. ಲಾಕ್ ಒಳಗೆ ಪಟ್ಟಿಯಿಂದ ತೆಗೆದುಕೊಳ್ಳಿ, ಲಾಕ್ ಬಿಡಿ, ಆಮೇಲೆ ಮುಚ್ಚಿ.

ವಿಂಡೋಸ್_ಮಿತ್ರ
ಸರ್, ನೀವು ಹೇಳುವುದು ಸರಿ. ಆದರೆ ಅವರ ಸರ್ವರ್ ಇವತ್ತು ರಾತ್ರಿಯೂ ಓಡಬೇಕು. ಇಷ್ಟು ವರ್ಷದ ಕೋಡ್‌ನಲ್ಲಿ ಹೀಗೆ ಮತ್ತೆ ಲಾಕ್ ಹಿಡಿಯುವ ಜಾಗ ಇನ್ನೆಷ್ಟಿವೆಯೋ. ಮೊದಲು ರಿಕರ್ಸಿವ್ ಮಾಡಿ ಪ್ರೊಡಕ್ಷನ್‌ಗೆ ಹಾಕಲಿ, ಆಮೇಲೆ ಒಂದೊಂದಾಗಿ ಸರಿ ಮಾಡಲಿ.

ಹಳೇಬೇರು
ಆಮೇಲೆ ಅನ್ನುವುದು ಬರಲ್ಲ. ನೋಡಿದ್ದೇನೆ.

ಎಂಬೆಡೆಡ್_ಅಕ್ಕ
ಇಬ್ಬರೂ ಹೇಳಿದ್ದನ್ನು ಸೇರಿಸಬಹುದು. ಪ್ರೊಡಕ್ಷನ್‌ಗೆ ರಿಕರ್ಸಿವ್. ಟೆಸ್ಟ್ ಬಿಲ್ಡ್‌ಗೆ ಎರರ್-ಚೆಕ್ ಮ್ಯೂಟೆಕ್ಸ್: ಅದೇ ಥ್ರೆಡ್ ಎರಡನೇ ಸಲ ಕೇಳಿದರೆ ನಿಲ್ಲುವ ಬದಲು ಎರರ್ ನಂಬರ್ ವಾಪಸ್ ಕೊಡುತ್ತೆ. ನಿಮ್ಮ ಲಾಕ್ ಕ್ಲಾಸ್‌ನಲ್ಲಿ ಅದನ್ನು ನೋಡಿ ಅಬಾರ್ಟ್ ಮಾಡಿಸಿ, ಕೋರ್ ಫೈಲ್ ಬರಲಿ. ಎಲ್ಲಾ ಜಾಗಗಳೂ ತಾವಾಗಿಯೇ ಕೈಗೆ ಸಿಗುತ್ತವೆ.

ನೀವು ಮೊದಲು ಕೇಳಿದ್ದಕ್ಕೂ ಉತ್ತರ ಕೊಡುತ್ತೇನೆ. ದಿನದ ಕೆಲಸಕ್ಕೆ ವಿಎಸ್ ಕೋಡ್ ಅಥವಾ ಕ್ಯೂಟಿ ಕ್ರಿಯೇಟರ್, ನಿಮ್ಮ ಕೈಗೆ ಯಾವುದು ಹೊಂದುತ್ತೋ ಅದು. ಕ್ಯೂಟಿ ಬಳಸದವರಿಗೂ ಕ್ಯೂಟಿ ಕ್ರಿಯೇಟರ್ ಡಿಬಗ್ಗರ್ ಚೆನ್ನಾಗಿದೆ, ಓಡುತ್ತಿರುವ ಪ್ರೋಗ್ರಾಂಗೆ ಅಟ್ಯಾಚ್ ಆಗುತ್ತೆ, ಕೋರ್ ಫೈಲೂ ತೆರೆಯುತ್ತೆ. ದುಡ್ಡು ಕೊಡುವ ಅಗತ್ಯ ನನಗೆ ಕಾಣಲ್ಲ. ಆದರೆ ಈ ನಾಲ್ಕೈದು ಜಿಡಿಬಿ ಕಮಾಂಡ್ ಕೈಯಲ್ಲಿ ಇರಲಿ. ಗಿರಾಕಿಯ ಯಂತ್ರದಲ್ಲಿ ಎಸ್‌ಎಸ್‌ಎಚ್ ಮಾತ್ರ ಇರುತ್ತೆ, ಕಿಟಕಿ ಇರಲ್ಲ. ವಿಎಸ್ ಕೋಡ್‌ನ ಡಿಬಗ್ ಕನ್ಸೋಲ್‌ನಲ್ಲೂ ಮೈನಸ್ ಎಕ್ಸೆಕ್ ಅಂತ ಮುಂದೆ ಹಾಕಿ ಇವೇ ಕಮಾಂಡ್ ಕೊಡಬಹುದು.

ಬಿಎಸ್‌ಡಿ_ಪ್ರೇಮಿ
ವಿಷಯ ಬಿಟ್ಟು ಒಂದು ಮಾತು. ಗೊತ್ತಿಲ್ಲದ ಜಾಗದಲ್ಲಿ ಡಿಬಗ್ ಮಾಡುವುದು ಅಂದಾಗಲೆಲ್ಲ ನನಗೆ ನಾಸಾದ ಮಾರ್ಸ್ ಪಾತ್‌ಫೈಂಡರ್ ನೌಕೆ ನೆನಪಾಗುತ್ತದೆ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿಯಿತು, ಕೆಲವು ದಿನಕ್ಕೆ ತಾನೇ ತಾನಾಗಿ ರೀಸೆಟ್ ಆಗಲು ಶುರುವಾಯಿತು. ಒಳಗೆ ವಿಎಕ್ಸ್‌ವರ್ಕ್ಸ್ ಓಎಸ್. ಹವಾಮಾನದ ಡೇಟಾ ತೆಗೆಯುವ ಕಡಿಮೆ ಆದ್ಯತೆಯ ಟಾಸ್ಕ್ ಒಂದು ಮ್ಯೂಟೆಕ್ಸ್ ಹಿಡಿದಿತ್ತು, ಹೆಚ್ಚು ಆದ್ಯತೆಯದು ಅದಕ್ಕೆ ಕಾಯುತ್ತಿತ್ತು, ನಡುವಿನ ಆದ್ಯತೆಯ ಟಾಸ್ಕ್ ಬಂದು ಮೊದಲನೆಯದನ್ನು ಓಡಲು ಬಿಡಲಿಲ್ಲ. ಭೂಮಿಯ ಮೇಲೆ ಅದೇ ಥರದ ಯಂತ್ರ ಇಟ್ಟುಕೊಂಡು, ಟ್ರೇಸ್ ಆನ್ ಮಾಡಿ, ಅದೇ ತೊಂದರೆ ಬರಿಸಿ ಹಿಡಿದರು. ಮ್ಯೂಟೆಕ್ಸ್‌ನ ಪ್ರಯಾರಿಟಿ ಇನ್ಹೆರಿಟೆನ್ಸ್ (ಕಾಯುತ್ತಿರುವ ಟಾಸ್ಕ್‌ನ ಆದ್ಯತೆ ಲಾಕ್ ಹಿಡಿದದ್ದಕ್ಕೂ ಬರುವುದು) ಆನ್ ಮಾಡಿ ಆ ಬದಲಾವಣೆಯನ್ನು ಮಂಗಳಕ್ಕೆ ಕಳಿಸಿದರು.

ಕಡಲಬದಿ
ಅಲ್ಲಿಯೂ ಮ್ಯೂಟೆಕ್ಸ್‌ನ ಒಂದು ಗುಣವೇ ಕಾರಣ, ನೋಡಿ. ಇವರದ್ದು ರಿಕರ್ಸಿವ್, ಅವರದ್ದು ಇನ್ಹೆರಿಟೆನ್ಸ್.

ಆರ್‌ಆರ್_ಭಕ್ತ
ಕಾವೇರಿತೀರ ಅವರೇ, ಸಿಗ್‌ಪೈಪ್ ನೋಡಿಕೊಂಡಿದ್ದೀರಾ? ವಿಂಡೋಸ್‌ನಲ್ಲಿ ಅದಿಲ್ಲ. ಲಿನಕ್ಸ್‌ನಲ್ಲಿ ಆ ಕಡೆ ಮುಚ್ಚಿದ ಸಾಕೆಟ್‌ಗೆ ಬರೆದರೆ ಸಿಗ್ನಲ್ ಬಂದು ಇಡೀ ಪ್ರೋಗ್ರಾಂ ಸಾಯುತ್ತದೆ.

ಕಾವೇರಿತೀರ
ಅದನ್ನು ಮೊದಲ ವಾರವೇ ನೋಡಿದ್ದೆ, ಇಗ್ನೋರ್ ಮಾಡಿದ್ದೇನೆ. ಆದರೆ ಜಿಡಿಬಿಯಲ್ಲಿ ಪ್ರತಿ ಸಲ ಅಲ್ಲಿ ನಿಲ್ಲುತ್ತಿತ್ತು.

ಆರ್‌ಆರ್_ಭಕ್ತ
ಹ್ಯಾಂಡಲ್ ಸಿಗ್‌ಪೈಪ್ ನೋಸ್ಟಾಪ್ ನೋಪ್ರಿಂಟ್ ಪಾಸ್. ಜಿಡಿಬಿಇನಿಟ್ ಫೈಲಿಗೆ ಹಾಕಿಡಿ, ಪೇಜಿನೇಷನ್ ಆಫ್ ಸಾಲಿನ ಜೊತೆ.

ಕಾವೇರಿತೀರ
ಒಂಬತ್ತು ದಿನ ಆಯಿತು, ಬಂದು ಹೇಳೋಣ ಅಂತ. ಪ್ರೊಡಕ್ಷನ್‌ನಲ್ಲಿ ರಿಕರ್ಸಿವ್ ಹಾಕಿದ್ದೇನೆ. ನಡುವೆ ಎರಡು ಸಲ ಕರೆಂಟ್ ಹೋಗಿದೆ, ಸರ್ವರ್ ನಿಂತಿಲ್ಲ. ಟೆಸ್ಟ್ ಬಿಲ್ಡ್‌ನಲ್ಲಿ ಎರರ್-ಚೆಕ್ ಹಾಕಿ ಯಂತ್ರದ ಪ್ಲಗ್ ಕಿತ್ತು ಕಿತ್ತು ನೋಡಿದೆ. ಇನ್ನೂ ಮೂರು ಜಾಗ ಸಿಕ್ಕಿವೆ, ಎರಡನ್ನು ಹಳೇಬೇರು ಸರ್ ಹೇಳಿದ ಹಾಗೆ ಲಾಕ್ ಹೊರಗೆ ತಂದಿದ್ದೇನೆ. ಥ್ರೆಡ್‌ಗಳಿಗೆಲ್ಲ ಹೆಸರು ಇಟ್ಟಿದ್ದೇನೆ ಶೆಟ್ರೇ, 15 ಅಕ್ಷರದೊಳಗೆ. ಎಡಿಟರ್ ಆಗಿ ಕ್ಯೂಟಿ ಕ್ರಿಯೇಟರ್ ಕೈಗೆ ಹೊಂದಿತು.

ಈಗ ಥ್ರೆಡ್ ಸ್ಯಾನಿಟೈಸರ್ ಹಾಕಿ ಓಡಿಸಿದರೆ ಬೇರೆ ನಾಲ್ಕು ಡೇಟಾ ರೇಸ್ (ಎರಡು ಥ್ರೆಡ್ ಲಾಕ್ ಇಲ್ಲದೆ ಒಂದೇ ಜಾಗ ಮುಟ್ಟುವುದು) ತೋರಿಸುತ್ತಿದೆ. ಮೊದಲನೆಯದು ಬರೀ ಒಂದು ಬೂಲ್ ಫ್ಲ್ಯಾಗ್, ಒಂದು ಥ್ರೆಡ್ ಬರೆಯುತ್ತದೆ, ಇನ್ನೊಂದು ಓದುತ್ತದೆ. ಇದಕ್ಕೂ ಅಟಾಮಿಕ್ (ಥ್ರೆಡ್‌ಗಳ ನಡುವೆ ಲಾಕ್ ಇಲ್ಲದೆ ಹಂಚಿಕೊಳ್ಳಬಹುದಾದ ವೇರಿಯಬಲ್) ಬೇಕಾ, ಇಲ್ಲಾ ಬಿಟ್ಟರೂ ನಡೆಯುತ್ತಾ?

ಹಳೇಬೇರು
ಬೇಕು. ಆ ಫ್ಲ್ಯಾಗ್ ಯಾರೂ ಬದಲಿಸಲ್ಲ ಅಂದುಕೊಂಡು ಕಂಪೈಲರ್ ಒಂದೇ ಸಲ ಓದಿ ಲೂಪ್ ಒಳಗೆ ಮತ್ತೆ ಓದದೆ ಇರಬಹುದು.

ಎಂಬೆಡೆಡ್_ಅಕ್ಕ
ನಾಲ್ಕರದ್ದೂ ಎರಡೆರಡು ಸ್ಟ್ಯಾಕ್ ಇಲ್ಲೇ ಹಾಕಿ. ಊಟ ಮುಗಿಸಿ ಬಂದು ನೋಡುತ್ತೇನೆ.